ಸಮಾಧಾನದ ಸೇವಕರಾದ ಡಾಗ್ ಹ್ಯಾಮರ್‌ಶೋಲ್ಡ್

ಯುದ್ಧದಲ್ಲಿ ಜಯಿಸಿದವರ ಚರಿತ್ರೆಯನ್ನು ಬರೆಯುವವರು ಎಲ್ಲಾ ದೇಶಗಳಲ್ಲಿಯೂ ಇದ್ದಾರೆ. ಅಂಥವರ ಪ್ರತಿಮೆಗಳನ್ನು ಪಟ್ಟಣಗಳಲ್ಲಿ ನಿಲ್ಲಿಸುತ್ತಾರೆ. ಅವರ ಕತ್ತಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ. ಯುದ್ಧವು ಆಗದಂತೆ ತಡೆಯುವದಕ್ಕೆ ಹೆಣಗಿದವರ ಚರಿತ್ರೆಯನ್ನು ಬರೆಯುವವರಾದರೋ ಕೊಂಚ ಮಂದಿ. ಯಾಕಂದರೆ ಆಗದೆ ಹೋದ ಕೇಡನ್ನು ಯಾರೂ ಕಣ್ಣಾರೆ ಕಂಡವರಲ್ಲ. ಸುಡದೆ ಉಳಿದ ಊರಿನಲ್ಲಿ ಸ್ತಂಭವನ್ನು ನೆಡುವವರಿಲ್ಲ. ಹಾಗಾದರೂ ನಮ್ಮ ಕರ್ತನು ಬೆಟ್ಟದ ಮೇಲೆ ಕುಳಿತು ಉಪದೇಶಿಸಿದಾಗ ಧನ್ಯರ ಪಟ್ಟಿಯಲ್ಲಿ ಸೇರಿಸಿದ್ದು ಸಮಾಧಾನಪಡಿಸುವವರನ್ನೇ ಹೊರತು ಜಯಶಾಲಿಗಳಾದ ಸೇನಾಪತಿಗಳನ್ನಲ್ಲ. ಈ ತಿಂಗಳು ನಾವು ವಾಚಕರ ಮುಂದೆ ಇಡುವದು ಅಂಥ ಒಬ್ಬರ ಜೀವಚರಿತ್ರೆಯನ್ನು. ಲೋಕದ ದೊಡ್ಡ ರಾಜ್ಯಗಳು ಒಂದನ್ನೊಂದು ಸುಟ್ಟುಬಿಡುವದಕ್ಕೆ ಅಣುಬಾಂಬುಗಳನ್ನು ಕೂಡಿಸಿಡುತ್ತಿದ್ದ ದಿವಸಗಳಲ್ಲಿ ಅವರು ಆಯುಧವಿಲ್ಲದವರಾಗಿ ಆ ರಾಜ್ಯಗಳ ನಡುವೆ ನಿಂತರು, ಎಂಟು ವರ್ಷಕ್ಕಿಂತ ಹೆಚ್ಚು ಕಾಲ ನಿಂತರು, ಕಡೆಗೆ ಆ ಸೇವೆಯಲ್ಲಿಯೇ ಪ್ರಾಣವನ್ನು ಕೊಟ್ಟರು.

1. ಜನನವೂ ಮನೆತನವೂ

ಯೂರೋಪ್ ಖಂಡದ ಉತ್ತರದಲ್ಲಿ ಸ್ವೀಡನ್ ಎಂಬ ದೇಶವಿದೆ. ಅದು ಹಿಮವೂ ಅರಣ್ಯವೂ ಹೆಚ್ಚಾಗಿರುವ ನಾಡು. ಲೂಥರನ ಕಾಲದ ಮತಸುಧಾರಣೆಯನ್ನು ಅಂಗೀಕರಿಸಿ ಆ ದೇಶದವರು ಲೂಥರನ್ ಸಭೆಯವರಾದರು. ಅಲ್ಲಿಯ ಯೋನ್‌ಶೋಪಿಂಗ್ ಎಂಬ ಪಟ್ಟಣದಲ್ಲಿ 1905ನೆಯ ಇಸವಿ ಜುಲೈ 29ರಂದು ಹ್ಯಾಮರ್‌ಶೋಲ್ಡ್ ಎಂಬ ಮನೆತನದಲ್ಲಿ ನಾಲ್ಕನೆಯ ಮಗನು ಹುಟ್ಟಿದನು. ಅವನಿಗೆ ಡಾಗ್ ಎಂದು ಹೆಸರಿಟ್ಟರು. ತಂದೆಯ ಕಡೆಯವರು ತಲತಲಾಂತರದಿಂದ ಸೈನ್ಯದಲ್ಲಿಯೂ ಸರಕಾರದ ಉದ್ಯೋಗದಲ್ಲಿಯೂ ಇದ್ದವರು. ತಾಯಿಯ ಕಡೆಯವರು ವಿದ್ವಾಂಸರೂ ಸಭಾಪಾಲಕರೂ ಆಗಿದ್ದವರು. ದೇಶಕ್ಕೂ ಜನರಿಗೂ ಸ್ವಾರ್ಥವಿಲ್ಲದೆ ಸೇವೆ ಮಾಡುವದೇ ತೃಪ್ತಿಯುಳ್ಳ ಬಾಳೆಂಬದನ್ನು ಮಗನು ತಂದೆಯ ಮನೆತನದಿಂದಲೂ, ಎಲ್ಲಾ ಮನುಷ್ಯರು ದೇವರ ಮಕ್ಕಳಾಗಿರುವದರಿಂದ ಒಬ್ಬರಿಗೊಬ್ಬರು ಸಮಾನರೆಂಬದನ್ನು ತಾಯಿಯ ಮನೆತನದಿಂದಲೂ ಕಲಿತುಕೊಂಡನು. ಮುಂದೆ ಅವರೇ ಇದನ್ನು ನೆನಸಿ ಹೇಳುತ್ತಿದ್ದರು.

ತಂದೆಯಾದ ಯಾಲ್ಮರ್ ಎಂಬವರು ಉಪ್ಸಾಲಾ ಪ್ರಾಂತದ ಅಧಿಪತಿಯಾಗಿ ನೇಮಕವಾದದ್ದರಿಂದ ಕುಟುಂಬವು ಅಲ್ಲಿಯ ಹಳೆಯ ಕೋಟೆಯರಮನೆಯಲ್ಲಿ ವಾಸವಾಗಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧವು ಪ್ರಾರಂಭವಾದಾಗ ಯಾಲ್ಮರರೇ ಸ್ವೀಡನಿನ ಪ್ರಧಾನ ಮಂತ್ರಿಯಾಗಿದ್ದರು. ಅವರು ತಮ್ಮ ದೇಶವನ್ನು ಯಾವ ಪಕ್ಷಕ್ಕೂ ಸೇರಿಸದೆ ಯುದ್ಧದ ಹೊರಗೆ ಉಳಿಸಿದರು. ಆದರೆ ಸಮುದ್ರದ ವ್ಯಾಪಾರವು ಕಟ್ಟಿಹೋಗಿ ಧಾನ್ಯದ ಕೊರತೆಯುಂಟಾದಾಗ ಜನರು ಅವರ ಹೆಸರಿಗೆ ಹಸಿವೆಂಬ ಮಾತನ್ನು ಜೋಡಿಸಿ ಹಾಸ್ಯಮಾಡಿದರು. 1917ರಲ್ಲಿ ಅವರು ಅಧಿಕಾರವನ್ನು ಬಿಟ್ಟರು. ನಡುವೆ ನಿಂತವನಿಗೆ ಎರಡು ಕಡೆಯಿಂದಲೂ ಕಲ್ಲು ಬೀಳುವದೆಂಬದನ್ನು ಮಗನು ಹನ್ನೆರಡು ವರ್ಷ ತುಂಬುವ ಮುಂಚೆಯೇ ತನ್ನ ಮನೆಯಲ್ಲಿಯೇ ಕಂಡನು.

ತಾಯಿಯಾದ ಆಗ್ನೆಸಮ್ಮನವರು ಭಕ್ತಿಯೂ ಕನಿಕರವೂ ಉಳ್ಳವರು. ಇವರ ಮನೆಗೆ ಆತ್ಮೀಯರಾದವರಲ್ಲಿ ಉಪ್ಸಾಲಾದ ಮಹಾಬಿಷಪರಾದ ನಾಥನ್ ಸೋಡರ್‌ಬ್ಲೂಮರು ಒಬ್ಬರು. ನಮ್ಮ ದೇಶದ ಸಾಧು ಸುಂದರಸಿಂಗರು 1922ರಲ್ಲಿ ಸ್ವೀಡನಿಗೆ ಹೋದಾಗ ಅವರನ್ನು ಸೇರಿಸಿಕೊಂಡು ಸತ್ಕರಿಸಿದವರು ಇವರೇ. ಮಹಾಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದ ರಾಷ್ಟ್ರಗಳ ಕ್ರೈಸ್ತರನ್ನು 1925ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಒಂದೇ ಸಭೆಯಾಗಿ ಕೂಡಿಸಿದವರೂ ಇವರೇ. ಸಮಾಧಾನವೆಂಬದು ಬರೀ ಬಾಯಿಮಾತಲ್ಲ, ಬೆವರು ಸುರಿಸಿ ಮಾಡತಕ್ಕ ಕೆಲಸವೆಂಬದನ್ನು ಯೌವನಸ್ಥರಾದ ಡಾಗರು ಇಂಥ ಹಿರಿಯರನ್ನು ನೋಡಿ ತಿಳಿದುಕೊಂಡರು.

2. ವಿದ್ಯೆಯೂ ಉದ್ಯೋಗವೂ

ಡಾಗರು ಉಪ್ಸಾಲಾದಲ್ಲಿ ಭಾಷೆ, ಅರ್ಥಶಾಸ್ತ್ರ, ನ್ಯಾಯಶಾಸ್ತ್ರಗಳನ್ನು ಓದಿ 1933ರಲ್ಲಿ ಸ್ಟಾಕ್‌ಹೋಮಿನಲ್ಲಿ ಅರ್ಥಶಾಸ್ತ್ರದ ಪಂಡಿತ ಪದವಿಯನ್ನು ಪಡೆದರು. 1936ರಲ್ಲಿ ಹಣಕಾಸಿನ ಇಲಾಖೆಯಲ್ಲಿ ಉಪಕಾರ್ಯದರ್ಶಿಯಾಗಿ, ಆ ಮೇಲೆ ದೇಶದ ಬ್ಯಾಂಕಿನ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ಎರಡನೆಯ ಮಹಾಯುದ್ಧದ ತರುವಾಯ ವಿದೇಶ ವ್ಯವಹಾರದ ಇಲಾಖೆಯಲ್ಲಿಯೂ ಸೇವೆ ಮಾಡಿದರು. 1951ರಲ್ಲಿ ಮಂತ್ರಿಮಂಡಲದಲ್ಲಿ ಸ್ಥಾನ ದೊರೆಯಿತು. ಆದಾಗ್ಯೂ ಯಾವ ರಾಜಕೀಯ ಪಕ್ಷಕ್ಕೂ ಅವರು ಸೇರಲಿಲ್ಲ. ಅವರು ಮದುವೆಯಾಗಲಿಲ್ಲ. ಬೇಗನೆ ಎದ್ದು ತಡವಾಗಿ ಮಲಗುವವರು, ಮಿತಭಾಷಿಗಳು. ವಿರಾಮ ಸಿಕ್ಕಿದರೆ ಉತ್ತರದ ಬೆಟ್ಟಗಳಲ್ಲಿ ಒಬ್ಬಂಟಿಗರಾಗಿ ನಡೆಯುವವರು. ಇವರ ಅಂತರಂಗದಲ್ಲಿ ದೇವರೊಂದಿಗೆ ಎಂಥಾ ಹೋರಾಟವು ನಡೆಯುತ್ತಿತ್ತೆಂಬದು ಅವರ ಮರಣದ ತನಕ ಹೊರಗಿನವರಿಗೆ ತಿಳಿದಿರಲಿಲ್ಲ. ಅದನ್ನು ಮುಂದೆ ಹೇಳುವೆವು.

3. ಆಗಿನ ಲೋಕದ ಸ್ಥಿತಿ

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಇಂಥ ಸಂಹಾರವು ಇನ್ನು ಮುಂದೆ ಆಗಬಾರದೆಂದು ರಾಷ್ಟ್ರಗಳು ಕೂಡಿ ವಿಶ್ವಸಂಸ್ಥೆಯೆಂಬ ಸಂಘವನ್ನು ಸ್ಥಾಪಿಸಿದವು. ಅದರಲ್ಲಿ ಎಲ್ಲಾ ರಾಷ್ಟ್ರಗಳೂ ಕೂಡುವ ಮಹಾಸಭೆ ಒಂದು. ಯುದ್ಧ ಸಮಾಧಾನಗಳನ್ನು ವಿಚಾರಿಸುವ ಭದ್ರತಾ ಮಂಡಳಿ ಒಂದು. ಈ ಮಂಡಳಿಯಲ್ಲಿ ಅಮೇರಿಕಾ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ ಎಂಬ ಐದು ರಾಷ್ಟ್ರಗಳಿಗೆ ಶಾಶ್ವತ ಸ್ಥಾನವುಂಟು. ಇವುಗಳಲ್ಲಿ ಒಂದು ಬೇಡವೆಂದರೂ ತೀರ್ಮಾನವು ಬಿದ್ದುಹೋಗುತ್ತದೆ. ಈ ಹಕ್ಕಿಗೆ ವೀಟೋ ಎನ್ನುತ್ತಾರೆ. ಯುದ್ಧದಲ್ಲಿ ಒಂದೇ ಪಕ್ಷವಾಗಿದ್ದ ಅಮೇರಿಕಾವೂ ರಷ್ಯಾವೂ ಯುದ್ಧವು ತೀರಿದ ಕೂಡಲೆ ಹಗೆಗಳಾದವು. 1945ರಲ್ಲಿ ಜಪಾನಿನ ಎರಡು ಪಟ್ಟಣಗಳನ್ನು ಸುಟ್ಟ ಅಣುಬಾಂಬು ಅಮೇರಿಕಾದ ಬಳಿಯಲ್ಲಿ ಮಾತ್ರ ಇತ್ತು. 1949ರಲ್ಲಿ ರಷ್ಯಾವೂ ಅದನ್ನು ಮಾಡಿತು. 1950ರ ಜೂನ್ ತಿಂಗಳಲ್ಲಿ ಕೊರಿಯಾ ದೇಶದಲ್ಲಿ ಯುದ್ಧವು ಹೊತ್ತಿಕೊಂಡಿತು.

ವಿಶ್ವಸಂಸ್ಥೆಯ ಮೊದಲನೆಯ ಮಹಾ ಕಾರ್ಯದರ್ಶಿಯಾದ ನಾರ್ವೆ ದೇಶದ ತ್ರಿಗ್ವೆ ಲೀಯವರ ಮೇಲೆ ರಷ್ಯಾ ಈ ಕೊರಿಯಾ ಯುದ್ಧದ ನಿಮಿತ್ತ ಮುನಿದುಕೊಂಡು ಅವರೊಂದಿಗೆ ವ್ಯವಹಾರವನ್ನೇ ಬಿಟ್ಟಿತು. ಅವರು 1952ರ ನವೆಂಬರಿನಲ್ಲಿ ಕೆಲಸವನ್ನು ಬಿಡುವೆನೆಂದು ತಿಳಿಸಿದರು. ಅವರ ಸ್ಥಾನಕ್ಕೆ ಎರಡು ಪಕ್ಷಗಳೂ ಒಪ್ಪುವವರು ಸಿಕ್ಕುವದು ಕಷ್ಟವಾಗಿತ್ತು. ಕಡೆಗೆ, ಸದ್ದಿಲ್ಲದೆ ದುಡಿಯುವ ಲೆಕ್ಕಪತ್ರದ ಮನುಷ್ಯರಾದ ಹ್ಯಾಮರ್‌ಶೋಲ್ಡರಿಂದ ಯಾರಿಗೂ ತೊಂದರೆಯಾಗದೆಂದು ಎಣಿಸಿ ಇವರನ್ನು ಆರಿಸಿದರು. ಮೊದಲ ಸುದ್ದಿಯು ಬಂದದ್ದು ಏಪ್ರಿಲ್ ಒಂದನೆಯ ತಾರೀಖಿನ ಸಮಯಕ್ಕಾದದ್ದರಿಂದ ಯಾರೋ ಪರಿಹಾಸ್ಯ ಮಾಡುತ್ತಾರೆಂದು ಇವರು ನೆನಸಿದರಂತೆ. 1953ರ ಏಪ್ರಿಲ್ 10ರಂದು ಪ್ರಮಾಣ ಮಾಡಿ ಅಧಿಕಾರವನ್ನು ವಹಿಸಿಕೊಂಡರು. ಆಗ ಸಂಘದಲ್ಲಿದ್ದ ರಾಷ್ಟ್ರಗಳು 60.

ಅದೇ ವರ್ಷ ಜುಲೈ 27ರಂದು ಕೊರಿಯಾದಲ್ಲಿ ಗುಂಡಿನ ಸದ್ದು ನಿಂತಿತು. ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಸೆರೆಯಾಳುಗಳ ವಿಚಾರವು ಮಾತ್ರ ಉಳಿಯಿತು. ಅದನ್ನು ನೋಡಿಕೊಳ್ಳುವದಕ್ಕೆ ಪಕ್ಷಾತೀತ ರಾಷ್ಟ್ರಗಳ ಆಯೋಗವನ್ನು ನೇಮಿಸಿದಾಗ ಅದರ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಎರಡು ಪಕ್ಷಗಳವರೂ ಇವರನ್ನು ದೂರಿದರು. ಆದರೂ ಇವರು ತಾಳ್ಮೆಯಿಂದ ಆ ಕೆಲಸವನ್ನು ತೀರಿಸಿದರು. ಕಾದಾಡುವವರ ಮಧ್ಯದಲ್ಲಿ ಕಾದಾಡದೆ ನಿಲ್ಲುವ ಸೈನಿಕರೂ ಲೋಕಕ್ಕೆ ಬೇಕೆಂಬದು ಆಗಲೇ ಕಾಣಬಂದಿತು.

4. ಚೀನಾದಲ್ಲಿದ್ದ ಸೆರೆಯಾಳುಗಳು

ಕೊರಿಯಾ ಯುದ್ಧದಲ್ಲಿ ಚೀನಾದವರ ಕೈಗೆ ಸಿಕ್ಕಿದ 11 ಮಂದಿ ಅಮೇರಿಕಾದ ವಿಮಾನಭಟರು ಗೂಢಚಾರರೆಂದು 1954ರ ನವೆಂಬರಿನಲ್ಲಿ ಅವರಿಗೆ ದೀರ್ಘ ಸೆರೆಯ ತೀರ್ಪಾಯಿತು. ಅಮೇರಿಕಾದಲ್ಲಿ ಜನರು ಕೋಪದಿಂದ ಕುದಿದರು. ಪುನಃ ಯುದ್ಧವಾದೀತೆಂಬ ಭಯವು ಹುಟ್ಟಿತು. ಪೀಕಿಂಗಿನ ಸರಕಾರಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನವನ್ನೇ ಕೊಟ್ಟಿರಲಿಲ್ಲ. ಅಂಥದರಲ್ಲಿ ಮಹಾಸಭೆಯು ಚೀನಾವನ್ನು ಖಂಡಿಸಿ, ಅದೇ ನಿರ್ಣಯದಲ್ಲಿ ಆ ಸೆರೆಯಾಳುಗಳನ್ನು ಬಿಡಿಸಿ ತರಬೇಕೆಂದು ಹ್ಯಾಮರ್‌ಶೋಲ್ಡರಿಗೆ ಅಪ್ಪಣೆ ಕೊಟ್ಟಿತು. ವಾಚಕರೇ, ಊರ ಪಂಚಾಯತಿಯವರು ಒಬ್ಬನನ್ನು ನಾಲ್ಕು ಜನರ ಮುಂದೆ ಬೈದು, ಅವನ ಮನೆಗೆ ಹೋಗಿ ರಾಜಿ ಮಾಡಿಸಿಕೊಂಡು ಬಾ ಎಂದು ಹಿರಿಯನೊಬ್ಬನನ್ನು ಕಳುಹಿಸಿದರೆ ಆ ಹಿರಿಯನ ಪಾಡು ಏನು?

ಇವರು ಮಾಡಿದ್ದೇನಂದರೆ, ಖಂಡನೆಯ ನಿರ್ಣಯವನ್ನು ಕೈಯಲ್ಲಿ ಹಿಡಿದು ಹೋಗದೆ, ಲೋಕದ ಸಮಾಧಾನವನ್ನು ಕಾಯಬೇಕಾದ ತಮ್ಮ ಉದ್ಯೋಗದ ಹಕ್ಕಿನಿಂದಲೇ ಮಾತಾಡಲು ಬರುತ್ತೇನೆಂದು ಚೀನಾದ ಪ್ರಧಾನ ಮಂತ್ರಿಯಾದ ಚೌ ಎನ್‌ಲಾಯಿಯವರಿಗೆ ತಿಳಿಸಿದರು. 1955ರ ಜನವರಿಯಲ್ಲಿ ಪೀಕಿಂಗಿಗೆ ಹೋಗಿ ಹಲವು ದಿವಸ ಮಾತಾಡಿದರು. ಎದುರಾಳಿಯನ್ನು ಬೆದರಿಸಲಿಲ್ಲ, ಹೊಗಳಲೂ ಇಲ್ಲ. ಮರ್ಯಾದೆಯಿಂದ ಸತ್ಯವನ್ನು ಹೇಳಿದರು. ಕೈಯಲ್ಲಿ ಏನೂ ಇಲ್ಲದೆ ಹಿಂದಿರುಗಿದಾಗ ಅಮೇರಿಕಾದಲ್ಲಿ ಕೆಲವರು ಇವರನ್ನು ಜರಿದರು. ಇವರು ಸುಮ್ಮನಿದ್ದು ಪತ್ರವ್ಯವಹಾರವನ್ನು ನಡಿಸುತ್ತಾ ಇದ್ದರು. ಆಗಸ್ಟ್ ಒಂದನೆಯ ತಾರೀಖಿಗೆ ಆ 11 ಮಂದಿಯೂ ಬಿಡುಗಡೆಯಾದರು. ಜುಲೈ 29ರಂದು ಇವರಿಗೆ ಐವತ್ತು ವರ್ಷ ತುಂಬಿತ್ತು. ಅದರ ನೆನಪಿಗಾಗಿ ಇವರನ್ನು ಬಿಡುತ್ತೇವೆಂಬ ಅರ್ಥದಲ್ಲಿ ಚೀನಾದಿಂದ ತಿಳುವಳಿಕೆಯೂ ಬಂತು. ಶತ್ರುವಿಗೂ ಮಾನವಿದೆಯೆಂದು ಎಣಿಸಿ ನಡೆದದ್ದರಿಂದ ಸೆರೆಮನೆಯ ಬಾಗಿಲು ತೆರೆಯಿತು.

5. ಸುಯೆಜ್ ಕಾಲುವೆಯ ಯುದ್ಧ

ಕೆಂಪು ಸಮುದ್ರವನ್ನೂ ಮೆಡಿಟರೇನಿಯನ್ ಸಮುದ್ರವನ್ನೂ ಸೇರಿಸುವ ಸುಯೆಜ್ ಕಾಲುವೆಯು ಐಗುಪ್ತ ದೇಶದಲ್ಲಿದೆ. ಅದು 1869ರಲ್ಲಿ ಹಡಗುಗಳಿಗೆ ತೆರೆಯಿತು. ಅದಕ್ಕೆ ಮುಂಚೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಮೊದಲ ಮೂವರು ಸೇವಕರು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಬರಬೇಕಾಗಿತ್ತು. ಕಾಲುವೆಯಾದ ಮೇಲೆ ಬಂದವರ ಪ್ರಯಾಣವು ಬಹಳ ಕಡಿಮೆಯಾಯಿತು. ಇದರಿಂದ ಆ ಕಾಲುವೆಯ ಬೆಲೆಯನ್ನು ನಮ್ಮ ವಾಚಕರು ಊಹಿಸಬಹುದು. ಅದರ ಆದಾಯವೆಲ್ಲಾ ಬಹುಕಾಲ ಬ್ರಿಟನ್ ಫ್ರಾನ್ಸ್ ದೇಶದವರ ಪಾಲುಳ್ಳ ಕಂಪೆನಿಯ ಕೈಯಲ್ಲಿತ್ತು. 1956ರ ಜುಲೈ 26ರಂದು ಐಗುಪ್ತದ ಅಧ್ಯಕ್ಷರಾದ ನಾಸರರು ಆ ಕಂಪೆನಿಯನ್ನು ತಮ್ಮ ದೇಶದ ಸ್ವತ್ತೆಂದು ಸಾರಿದರು.

ಬ್ರಿಟನ್, ಫ್ರಾನ್ಸ್, ಇಸ್ರಾಯೇಲ್ ಎಂಬ ಮೂರು ರಾಜ್ಯಗಳು ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಅಕ್ಟೋಬರ್ 29ರಂದು ಇಸ್ರಾಯೇಲಿನ ಸೈನ್ಯವು ಐಗುಪ್ತದೊಳಗೆ ನುಗ್ಗಿತು. ಎರಡು ದಿವಸಗಳ ಮೇಲೆ ಬ್ರಿಟನ್ ಫ್ರಾನ್ಸ್ ವಿಮಾನಗಳು ಬಾಂಬು ಹಾಕತೊಡಗಿದವು. ಭದ್ರತಾ ಮಂಡಳಿಯಲ್ಲಿ ಈ ಎರಡು ರಾಷ್ಟ್ರಗಳು ವೀಟೋ ಹಾಕಿದ್ದರಿಂದ ಅಲ್ಲಿ ಏನೂ ನಡೆಯಲಿಲ್ಲ. ಸಂಘವನ್ನು ಕಟ್ಟಿದವರೇ ಸಂಘದ ಕಟ್ಟಳೆಯನ್ನು ಮುರಿದಾಗ ಅದರ ಸೇವಕನು ಸುಮ್ಮನಿರಬಹುದೋ? ಅಕ್ಟೋಬರ್ 31ರಂದು ಹ್ಯಾಮರ್‌ಶೋಲ್ಡರು ಮಂಡಳಿಯ ಮುಂದೆ ನಿಂತು, ರಾಷ್ಟ್ರಗಳು ತಾವು ಕೊಟ್ಟ ಮಾತಿನಂತೆ ನಡೆಯುವವೆಂಬ ನಂಬಿಕೆಯ ಮೇಲೆಯೇ ತಾನು ಈ ಕೆಲಸದಲ್ಲಿ ಇರಬಲ್ಲೆನೆಂದೂ, ಬೇರೆ ತರದ ಕಾರ್ಯದರ್ಶಿಯು ಬೇಕಾದರೆ ಅದು ಅವರ ಇಷ್ಟವೆಂದೂ ತಿಳಿಯಪಡಿಸಿದರು.

ವಿಷಯವು ಮಹಾಸಭೆಗೆ ಬಂತು. ಅಲ್ಲಿ ಕಾನಡಾ ದೇಶದ ಲೆಸ್ಟರ್ ಪಿಯರ್ಸನರು, ಎರಡು ಸೈನ್ಯಗಳ ನಡುವೆ ವಿಶ್ವಸಂಸ್ಥೆಯ ಪಡೆಯೊಂದನ್ನು ನಿಲ್ಲಿಸುವ ಯೋಚನೆಯನ್ನು ಮುಂದಿಟ್ಟರು. ಅಂಥ ಪಡೆಯನ್ನು ಹೇಗೆ ಕಟ್ಟಬೇಕೆಂಬದನ್ನು 48 ತಾಸುಗಳೊಳಗೆ ತಿಳಿಸಬೇಕೆಂದು ಹ್ಯಾಮರ್‌ಶೋಲ್ಡರಿಗೆ ಅಪ್ಪಣೆಯಾಯಿತು. ಅದಕ್ಕೆ ಮಾದರಿ ಲೋಕದಲ್ಲಿ ಇರಲಿಲ್ಲ. ಅವರು ನಿದ್ದೆಗೆಟ್ಟು ಕೆಲಸ ಮಾಡಿ ನಿಯಮಗಳನ್ನು ಬರೆದರು. ದೊಡ್ಡ ರಾಷ್ಟ್ರಗಳ ಸೈನಿಕರು ಇದರಲ್ಲಿ ಇರಬಾರದು. ಆ ದೇಶದವರ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡಬಾರದು. ಯಾವ ಪಕ್ಷಕ್ಕೂ ಜಯವನ್ನು ದೊರಕಿಸುವ ಪ್ರಯತ್ನ ಮಾಡಬಾರದು. ತಮ್ಮ ಪ್ರಾಣರಕ್ಷಣೆಗೆ ಹೊರತು ಗುಂಡು ಹಾರಿಸಬಾರದು. ಕೊಲ್ಲುವದಕ್ಕಾಗಿ ಅಲ್ಲ, ಕೊಲ್ಲದಂತೆ ಕಾಯುವದಕ್ಕಾಗಿ ಸೈನಿಕನನ್ನು ಕಳುಹಿಸುವದು ಎಂಥಾ ಹೊಸ ವಿಚಾರ!

ನವೆಂಬರ್ 6ರ ಮಧ್ಯರಾತ್ರಿಗೆ ಯುದ್ಧವು ನಿಂತಿತು. 15ನೆಯ ತಾರೀಖಿಗೆ ಮೊದಲ ತುಕಡಿಗಳು ಐಗುಪ್ತದಲ್ಲಿ ಇಳಿದವು. ದೂರದಿಂದಲೇ ಗುರುತು ಸಿಕ್ಕಬೇಕೆಂದು, ಇದ್ದ ಶಿರಸ್ತ್ರಾಣಗಳಿಗೆ ಅವಸರವಾಗಿ ನೀಲಿ ಬಣ್ಣವನ್ನು ಬಳಿದರು. ಅಂದಿನಿಂದ ನೀಲಿ ಬಣ್ಣವು ಈ ಪಡೆಗಳ ಗುರುತಾಯಿತು. ಹತ್ತು ರಾಷ್ಟ್ರಗಳವರು ಅದರಲ್ಲಿದ್ದರು. ನಮ್ಮ ಭಾರತದ ಸೈನಿಕರೂ ಇದ್ದರು. ಡಿಸೆಂಬರ್ 22ರೊಳಗೆ ಬ್ರಿಟನ್ ಫ್ರಾನ್ಸ್ ಸೈನ್ಯಗಳೂ, ಮುಂದಿನ ಮಾರ್ಚಿನಲ್ಲಿ ಇಸ್ರಾಯೇಲಿನ ಸೈನ್ಯವೂ ಹಿಂದೆಗೆದವು. ಈ ಪಡೆಯು ಮರಳುಗಾಡಿನಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಾವಲಿತ್ತು. 1967ರಲ್ಲಿ ಐಗುಪ್ತವು ಅದನ್ನು ಹೊರಡಿಸಲು, ಕೆಲವೇ ವಾರಗಳಲ್ಲಿ ಪುನಃ ಯುದ್ಧವಾಯಿತು. ಬೇಲಿಯ ಬೆಲೆಯು ಬೇಲಿಯನ್ನು ಕಿತ್ತ ಮೇಲೆ ತಿಳಿಯುತ್ತದಷ್ಟೆ.

6. ಕೈಲಾಗದೆ ಹೋದ ಕಾರ್ಯ

ಸತ್ಯವನ್ನು ಬರೆಯುವವರು ಸೋಲನ್ನು ಮುಚ್ಚಬಾರದು. ಸುಯೆಜಿನ ವಿಷಯದಲ್ಲಿ ರಾತ್ರಿಹಗಲು ದುಡಿಯುತ್ತಿದ್ದ ಆ ವಾರದಲ್ಲಿಯೇ, ನವೆಂಬರ್ 4ರಂದು, ರಷ್ಯಾದ ರಣರಥಗಳು ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟಿಗೆ ನುಗ್ಗಿ ಸ್ವಾತಂತ್ರ್ಯಕ್ಕಾಗಿ ಎದ್ದ ಜನರನ್ನು ತುಳಿದವು. ಮಹಾಸಭೆಯು ನಿರ್ಣಯಗಳನ್ನು ಮಾಡಿತು, ರಷ್ಯಾ ಕೇಳಲಿಲ್ಲ. ವಿಚಾರಣೆಗಾಗಿ ನೇಮಿಸಿದವರನ್ನು ಹಂಗೇರಿಯ ಸರಕಾರವು ಒಳಗೆ ಬಿಡಲಿಲ್ಲ. ಬ್ರಿಟನ್ ಫ್ರಾನ್ಸ್ ದೇಶಗಳು ಅಮೇರಿಕಾದ ಒತ್ತಾಯಕ್ಕೂ ಲೋಕದ ಅಭಿಪ್ರಾಯಕ್ಕೂ ಮಣಿದವು. ರಷ್ಯಾವನ್ನು ಮಣಿಸುವವರು ಯಾರೂ ಇರಲಿಲ್ಲ. ಐಗುಪ್ತಕ್ಕೆ ಒಂದು ನ್ಯಾಯ, ಹಂಗೇರಿಗೆ ಒಂದು ನ್ಯಾಯವೋ ಎಂದು ಅನೇಕರು ಹ್ಯಾಮರ್‌ಶೋಲ್ಡರನ್ನು ದೂರಿದರು. ಸಾವಿರಾರು ಮಂದಿ ಸತ್ತರು, ಸುಮಾರು 2,00,000 ಜನರು ಗಡಿದಾಟಿ ಓಡಿಹೋದರು. ಅವರ ಪಾಲಿಗೆ ಈ ಸಮಾಧಾನದ ಸೇವಕರಿಂದ ಪ್ರಯೋಜನವಾಗಲಿಲ್ಲ. ಸೇವಕನ ಕೈಯಲ್ಲಿ ಕೊಟ್ಟಿರುವದಕ್ಕಿಂತ ಹೆಚ್ಚನ್ನು ಅವನು ಮಾಡಲಾರನು. ಆದರೂ ಆ ನೋವು ಅವರನ್ನು ಬಿಡಲಿಲ್ಲವೆಂದು ಅವರನ್ನು ಬಲ್ಲವರು ಹೇಳುತ್ತಾರೆ.

7. ಮೌನದ ಕೋಣೆ

ನ್ಯೂಯಾರ್ಕ್ ನಗರದಲ್ಲಿರುವ ವಿಶ್ವಸಂಸ್ಥೆಯ ದೊಡ್ಡ ಕಟ್ಟಡದಲ್ಲಿ ಪ್ರಾರ್ಥನೆಗೂ ಧ್ಯಾನಕ್ಕೂ ಒಂದು ಚಿಕ್ಕ ಕೋಣೆಯಿತ್ತು. ಹ್ಯಾಮರ್‌ಶೋಲ್ಡರು ಅದನ್ನು ತಾವೇ ಮುಂದೆ ನಿಂತು ಹೊಸದಾಗಿ ಅಣಿಮಾಡಿಸಿ 1957ರಲ್ಲಿ ತೆರೆಯಿಸಿದರು. ಎಲ್ಲಾ ಮತದವರೂ ಬರುವ ಸ್ಥಳವಾದದ್ದರಿಂದ ಅದರಲ್ಲಿ ಯಾವ ಚಿಹ್ನೆಯನ್ನೂ ಇಡಲಿಲ್ಲ. ನಡುವೆ ಸ್ವೀಡನಿನಿಂದ ತಂದ ಕಬ್ಬಿಣದ ಅದಿರಿನ ದೊಡ್ಡ ಬಂಡೆಯುಂಟು. ಅದರ ತೂಕವು ಸುಮಾರು ಆರೂವರೆ ಟನ್ನು. ಮೇಲಿನಿಂದ ಒಂದೇ ಬೆಳಕಿನ ಕಿರಣವು ಅದರ ಮೇಲೆ ಬೀಳುತ್ತದೆ. ಕಬ್ಬಿಣದಿಂದಲೇ ಕತ್ತಿಯಾಗುತ್ತದೆ, ಅದರಿಂದಲೇ ನೇಗಿಲಿನ ಕುಳವೂ ಆಗುತ್ತದೆ. ಇದನ್ನು ನಮ್ಮ ಹಳ್ಳಿಯ ಸಭೆಗಳವರಿಗೆ ವಿವರಿಸುವ ಅಗತ್ಯವಿಲ್ಲ. ಕಮ್ಮಾರನ ಕುಲುಮೆಯ ಮುಂದೆ ನಿಂತವರಿಗೆಲ್ಲಾ ಗೊತ್ತು. ಪ್ರವಾದಿಯಾದ ಯೆಶಾಯನ ದರ್ಶನವನ್ನು ಓದಿದವರಿಗೆ ಇದರ ಅರ್ಥವು ಇನ್ನೂ ಚೆನ್ನಾಗಿ ಹೊಳೆಯುವದು.

8. ಕಾಂಗೋ ದೇಶದ ಸಂಕಟ

1957ರ ಸೆಪ್ಟೆಂಬರಿನಲ್ಲಿ ಎಲ್ಲರೂ ಒಮ್ಮತದಿಂದ ಇವರನ್ನು ಇನ್ನೂ ಐದು ವರ್ಷಗಳಿಗೆ ಆರಿಸಿದರು. ಆ ಅವಧಿಯಲ್ಲಿ ಆಫ್ರಿಕಾದ ದೇಶಗಳು ಒಂದರ ಹಿಂದೊಂದು ಸ್ವತಂತ್ರವಾದವು. ಅವುಗಳಲ್ಲಿ ಕಾಂಗೋ ಒಂದು. ಅದು ಬಹು ವಿಸ್ತಾರವಾದ ದೇಶ. ನಮ್ಮ ಭಾರತದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು. ಬೆಲ್ಜಿಯಮಿನವರು ಅದನ್ನು ಬಹುಕಾಲ ಆಳಿದರೂ ಆ ದೇಶದವರನ್ನು ಅಧಿಕಾರಕ್ಕೆ ಸಿದ್ಧಪಡಿಸಲಿಲ್ಲ. ಪದವೀಧರರು ಬೆರಳಲ್ಲಿ ಎಣಿಸುವಷ್ಟು. ಸೈನ್ಯದಲ್ಲಿ ಕಾಂಗೋದ ಅಧಿಕಾರಿಯು ಒಬ್ಬನೂ ಇಲ್ಲ. 1960ರ ಜೂನ್ 30ರಂದು ಸ್ವಾತಂತ್ರ್ಯವು ಬಂತು. ವಾರದೊಳಗೆ ಸೈನ್ಯವು ದಂಗೆಯೆದ್ದಿತು. ಬೆಲ್ಜಿಯಮಿನ ಸೈನಿಕರು ಮರಳಿ ಒಳಗೆ ಬಂದರು. ಜುಲೈ 11ರಂದು, ತಾಮ್ರವೂ ಬೇರೆ ಲೋಹಗಳೂ ಹೇರಳವಾಗಿರುವ ಕಟಾಂಗಾ ಪ್ರಾಂತವು ಚೋಂಬೆ ಎಂಬವನ ಕೆಳಗೆ ಬೇರೆಯಾಯಿತು. ಗಣಿಯ ಐಶ್ವರ್ಯಕ್ಕಾಗಿ ಪರದೇಶದವರು ಅವನಿಗೆ ಬೆಂಬಲವಾಗಿದ್ದರು. ಸಂಬಳದ ಸೈನಿಕರು ಅವನ ಪಡೆಯಲ್ಲಿ ಸೇರಿದರು.

ಅಧ್ಯಕ್ಷರಾದ ಕಾಸಾವುಬು, ಪ್ರಧಾನ ಮಂತ್ರಿಯಾದ ಲುಮುಂಬಾ ಎಂಬಿಬ್ಬರೂ ವಿಶ್ವಸಂಸ್ಥೆಗೆ ತಂತಿ ಕಳುಹಿಸಿ ಸಹಾಯ ಬೇಡಿದರು. ಹ್ಯಾಮರ್‌ಶೋಲ್ಡರು ಕೂಡಲೆ ಭದ್ರತಾ ಮಂಡಳಿಯನ್ನು ಕೂಡಿಸಿದರು. ಜುಲೈ 15ರಂದೇ ಮೊದಲ ಸೈನಿಕರು ಅಲ್ಲಿಗೆ ತಲಪಿದರು. ಮುಂದೆ ಈ ಪಡೆಯು ಸುಮಾರು 20,000 ಮಂದಿಯಾಯಿತು. ಭಾರತದಿಂದಲೂ ಒಂದು ಬ್ರಿಗೇಡು ಹೋಯಿತು. ರಾಜೇಶ್ವರ ದಯಾಳರೆಂಬ ನಮ್ಮ ದೇಶದವರು ಕೆಲವು ತಿಂಗಳು ಅಲ್ಲಿ ಮಹಾ ಕಾರ್ಯದರ್ಶಿಯ ಪ್ರತಿನಿಧಿಯಾಗಿದ್ದರು. ಆದರೆ ಸುಯೆಜಿನಲ್ಲಿದ್ದಂತೆ ಇಲ್ಲಿ ಎರಡು ಸೈನ್ಯಗಳ ನಡುವೆ ಗೆರೆ ಎಳೆಯುವದು ಸಾಧ್ಯವಾಗಲಿಲ್ಲ. ಲುಮುಂಬಾರಿಗೆ ಕಟಾಂಗಾವನ್ನು ಬಲದಿಂದ ಹಿಡಿಯಬೇಕೆಂಬ ಆತುರ. ವಿಶ್ವಸಂಸ್ಥೆಯ ಪಡೆಗೆ ಒಳಜಗಳದಲ್ಲಿ ಸೇರಬಾರದೆಂಬ ನಿಯಮ. ಸೆಪ್ಟೆಂಬರಿನಲ್ಲಿ ಅಧ್ಯಕ್ಷರಿಗೂ ಪ್ರಧಾನ ಮಂತ್ರಿಗೂ ವೈರವಾಗಿ ಒಬ್ಬರನ್ನೊಬ್ಬರು ಪದಚ್ಯುತರೆಂದು ಸಾರಿದರು. ಮೊಬುಟು ಎಂಬ ಸೇನಾಧಿಕಾರಿಯು ಅಧಿಕಾರವನ್ನು ಕಸಿದುಕೊಂಡನು. ಲುಮುಂಬಾರು ವೈರಿಗಳ ಕೈಗೆ ಸಿಕ್ಕಿ 1961ರ ಜನವರಿ 17ರಂದು ಕಟಾಂಗಾದಲ್ಲಿ ಕೊಲೆಯಾದರು. ವಿಶ್ವಸಂಸ್ಥೆಯವರು ಅವರನ್ನು ಉಳಿಸಬಹುದಾಗಿತ್ತೆಂಬ ದೂರು ಆಗಲೂ ಇತ್ತು, ಈಗಲೂ ಉಂಟು. ಅದನ್ನು ಸುಲಭವಾಗಿ ತಳ್ಳಿಬಿಡುವಂತಿಲ್ಲ. ಆ ಕೊಲೆಯ ವಿಷಯದಲ್ಲಿ ಬೆಲ್ಜಿಯಮಿನ ಸರಕಾರವು 2002ರಲ್ಲಿ ತನ್ನ ಹೊಣೆಯನ್ನು ಒಪ್ಪಿ ಕ್ಷಮೆ ಕೇಳಿತು.

ಈ ನಡುವೆ ರಷ್ಯಾದ ಮುಖಂಡರಾದ ಕ್ರುಶ್ಚೇವರು ತಾವೇ ನ್ಯೂಯಾರ್ಕಿಗೆ ಬಂದು ಹ್ಯಾಮರ್‌ಶೋಲ್ಡರ ಮೇಲೆ ಕೆಂಡ ಕಾರಿದರು. ಒಬ್ಬ ಕಾರ್ಯದರ್ಶಿಯ ಬದಲಾಗಿ ಮೂರು ಪಕ್ಷಗಳಿಂದ ಮೂವರು ಇರಬೇಕೆಂದರು. 1960ರ ಅಕ್ಟೋಬರ್ 3ರಂದು ಇವರು ಕೆಲಸವನ್ನು ಬಿಟ್ಟು ಹೋಗಬೇಕೆಂದೇ ಕೇಳಿದರು. ಅದೇ ದಿವಸ ಮಧ್ಯಾಹ್ನದ ಮೇಲೆ ಇವರು ಉತ್ತರ ಕೊಟ್ಟರು. ಕೆಲಸವನ್ನು ಬಿಡುವದು ಸುಲಭವೆಂದೂ, ದೊಡ್ಡ ರಾಷ್ಟ್ರವೊಂದರ ಇಚ್ಛೆಗೆ ತಲೆಬಾಗುವದು ಸುಲಭವೆಂದೂ, ಎದುರು ನಿಲ್ಲುವದೇ ಕಷ್ಟವೆಂದೂ ಹೇಳಿದರು. ಈ ಸಂಘವು ಬೇಕಾಗಿರುವದು ತಮ್ಮನ್ನು ತಾವೇ ಕಾಪಾಡಿಕೊಳ್ಳಬಲ್ಲ ದೊಡ್ಡವರಿಗಲ್ಲ, ಬೇರೆ ಆಸರೆಯಿಲ್ಲದ ಚಿಕ್ಕ ರಾಷ್ಟ್ರಗಳಿಗೆ. ಅವರು ಬೇಕೆನ್ನುವ ತನಕ ತಾನು ಕದಲುವದಿಲ್ಲವೆಂದರು. ಸಭೆಯಲ್ಲಿದ್ದವರು ಎದ್ದು ನಿಂತು ಬಹಳ ಹೊತ್ತು ಕೈತಟ್ಟಿದರು. ಆ ವರ್ಷ ಹೊಸದಾಗಿ ಸೇರಿದ 17 ರಾಷ್ಟ್ರಗಳಲ್ಲಿ ಹೆಚ್ಚಿನವು ಆಫ್ರಿಕಾದವು ಎಂಬದನ್ನು ಇಲ್ಲಿ ನೆನಸಬೇಕು.

9. ಮರಣ

1961ರ ಸೆಪ್ಟೆಂಬರ್ 13ರಂದು ಕಟಾಂಗಾದಲ್ಲಿ ವಿಶ್ವಸಂಸ್ಥೆಯ ಪಡೆಗೂ ಚೋಂಬೆಯ ಪಡೆಗೂ ಕಾಳಗವಾಯಿತು. ಅದೇ ದಿವಸ ಹ್ಯಾಮರ್‌ಶೋಲ್ಡರು ಕಾಂಗೋದ ರಾಜಧಾನಿಗೆ ಬಂದಿದ್ದರು. ತಾನು ಕಳುಹಿಸಿದ ಸೈನಿಕರ ಕೈಯಲ್ಲಿಯೇ ರಕ್ತವು ಸುರಿಯುವದನ್ನು ಕಂಡು, ಅದನ್ನು ನಿಲ್ಲಿಸುವದಕ್ಕಾಗಿ ಚೋಂಬೆಯೊಂದಿಗೆ ಮುಖಾಮುಖಿಯಾಗಿ ಮಾತಾಡಲು ಗೊತ್ತುಮಾಡಿದರು. ಸಂಧಿಸುವ ಸ್ಥಳವು ಉತ್ತರ ರೊಡೇಶಿಯಾದ, ಅಂದರೆ ಈಗಿನ ಜಾಂಬಿಯಾ ದೇಶದ, ಎನ್‌ಡೋಲಾ ಎಂಬ ಪಟ್ಟಣ. 17ನೆಯ ತಾರೀಖು ಸಾಯಂಕಾಲ ವಿಮಾನವನ್ನೇರಿ ಹೊರಟರು. ದಾರಿಯಲ್ಲಿ ಶತ್ರುವಿಮಾನದ ಭಯವಿದ್ದದರಿಂದ ಸುತ್ತಿ ಬಳಸಿ ಹೋಗಬೇಕಾಯಿತು. ನಡುರಾತ್ರಿ ಕಳೆದ ಮೇಲೆ ಎನ್‌ಡೋಲಾದ ಸಮೀಪದ ಕಾಡಿನಲ್ಲಿ ವಿಮಾನವು ಬಿದ್ದು ಸುಟ್ಟಿತು. ಅದರಲ್ಲಿದ್ದವರು 16 ಮಂದಿ. ಹದಿನೈದು ಮಂದಿ ಅಲ್ಲಿಯೇ ಸತ್ತರು; ಒಬ್ಬನು ಕೆಲವು ದಿವಸ ಜೀವಿಸಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡನು. ಹ್ಯಾಮರ್‌ಶೋಲ್ಡರಿಗೆ ಆಗ 56 ವರ್ಷ. ವಿಮಾನವು ಹೇಗೆ ಬಿತ್ತೆಂಬದು ತೀರ್ಮಾನವಾಗದೆ ಉಳಿಯಿತು. ಚಾಲಕನ ತಪ್ಪೆಂದು ರೊಡೇಶಿಯಾದವರು ಹೇಳಿದರು. ವಿಶ್ವಸಂಸ್ಥೆಯು ಪುನಃ ವಿಚಾರಣೆಗೆ ನೇಮಿಸಿದ ತಾಂಜಾನಿಯಾದ ನ್ಯಾಯಾಧಿಪತಿ ಓಥ್ಮನರು, ಹೊರಗಿನಿಂದ ಆಕ್ರಮಣವಾಗಿರುವ ಸಂಭವವುಂಟೆಂದು 2017ರಲ್ಲಿ ವರದಿ ಮಾಡಿದರು.

ಅವರ ದೇಹವನ್ನು ಉಪ್ಸಾಲಾದಲ್ಲಿ ತಂದೆತಾಯಿಗಳ ಬಳಿಯಲ್ಲಿ ಸಮಾಧಿಮಾಡಿದರು. ಆ ವರ್ಷದ ನೊಬೆಲ್ ಶಾಂತಿ ಬಹುಮಾನವನ್ನು ಮರಣದ ತರುವಾಯ ಅವರಿಗೆ ಕೊಟ್ಟರು. ಬರ್ಮಾ ದೇಶದ ಊ ಥಾಂಟರು ಅವರ ಸ್ಥಾನಕ್ಕೆ ಬಂದರು. 1963ರ ಜನವರಿಯಲ್ಲಿ ಕಟಾಂಗಾವು ಪುನಃ ಕಾಂಗೋದಲ್ಲಿ ಸೇರಿತು. ನೀಲಿ ಟೊಪ್ಪಿಗೆಯ ಪಡೆಗಳು ಆ ಮೇಲೆಯೂ ಅನೇಕ ದೇಶಗಳಿಗೆ ಹೋದವು. ಅಂಥ ಒಂದು ಪಡೆಯ ಅಧಿಪತಿಯಾಗಿ ನಮ್ಮ ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಪೊಸ್ತಲರಾದ ಪೌಲ ಬಾರ್ನಬರು ಸುವಾರ್ತೆ ಸಾರಿದ ಕುಪ್ರದ್ವೀಪವು ಅದೇ.

10. ಗುಪ್ತವಾಗಿದ್ದ ಪುಸ್ತಕ

ಕಾಂಗೋದಲ್ಲಿ ಅವರು ಇಳಿದುಕೊಂಡಿದ್ದ ಕೋಣೆಯಲ್ಲಿ ತೋಮಸ್ ಕೆಂಪಿಸನು ಕ್ರಿಸ್ತನ ಅನುಸರಣೆಯ ವಿಷಯವಾಗಿ ಬರೆದ ಹಳೆಯ ಭಕ್ತಿಗ್ರಂಥವು ಸಿಕ್ಕಿತು. ಅದರಲ್ಲಿ ಗುರುತಿಗಾಗಿ ಇಟ್ಟಿದ್ದದು ಅವರು ಅಧಿಕಾರ ವಹಿಸುವಾಗ ಮಾಡಿದ ಪ್ರಮಾಣವನ್ನು ಬರೆದ ಕಾಗದ. ನ್ಯೂಯಾರ್ಕಿನ ಮನೆಯಲ್ಲಿ ಅವರ ದಿನಚರಿಯೊಂದು ದೊರೆಯಿತು. ಯೌವನದಿಂದ ಕೊನೆಯ ತಿಂಗಳುಗಳ ಪರ್ಯಂತ ಅದರಲ್ಲಿ ಬರೆದಿದ್ದರು. ಸ್ನೇಹಿತರೊಬ್ಬರಿಗೆ ಬರೆದ ಪತ್ರವೂ ಅದರ ಜೊತೆಗೆ ಇತ್ತು. ಅದರಲ್ಲಿ ಇದು ತನ್ನ ಸಂಗಡವೂ ದೇವರ ಸಂಗಡವೂ ತಾನು ನಡಿಸಿದ ವ್ಯವಹಾರದ ದಾಖಲೆಯೆಂಬ ಅರ್ಥದಲ್ಲಿ ತಿಳಿಸಿದ್ದರು. 1963ರಲ್ಲಿ ಅದು ಸ್ವೀಡಿಷ್ ಭಾಷೆಯಲ್ಲಿ ದಾರಿಯ ಗುರುತುಗಳು ಎಂಬರ್ಥದ ಹೆಸರಿನಿಂದ ಅಚ್ಚಾದಾಗ ಲೋಕವು ಬೆರಗಾಯಿತು. ಯಾಕಂದರೆ ಅದರಲ್ಲಿ ನಾಸರರ ಹೆಸರಿಲ್ಲ, ಕ್ರುಶ್ಚೇವರ ಹೆಸರಿಲ್ಲ. ತಾವು ತಡೆದ ಯುದ್ಧಗಳ ಮಾತೇ ಇಲ್ಲ. ಅದರಲ್ಲಿರುವದು ತನ್ನ ಅಹಂಕಾರದೊಂದಿಗೆ ಮಾಡಿದ ಹೋರಾಟ, ಒಂಟಿತನದ ದುಃಖ, ಬಹುಕಾಲದ ತಡಕಾಟದ ತರುವಾಯ ದೇವರಿಗೆ ಹೌದೆಂದು ಒಪ್ಪಿಸಿಕೊಟ್ಟ ಮನಸ್ಸು, ಶಿಲುಬೆಯ ಕಡೆಗೆ ನಡೆದ ಯೇಸುವಿನ ವಿಷಯವಾದ ಧ್ಯಾನ. ಕೆಲವರು ಇದನ್ನು ಮೆಚ್ಚಿದರು, ಕೆಲವರು ಹಾಸ್ಯಮಾಡಿದರು. ಅವರು ಸಭೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡವರಲ್ಲ. 1954ರಲ್ಲಿ ಲೋಕದ ಸಭೆಗಳ ಮಹಾಸಮ್ಮೇಳನದಲ್ಲಿ ಒಮ್ಮೆ ಭಾಷಣ ಮಾಡಿದ್ದುಂಟು. ಅವರ ಪ್ರಾರ್ಥನೆಯ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಮರಣವು ಬಂದು ಅದನ್ನು ತೆರೆಯಿತು.

11. ನಮಗೆ ಇದರಿಂದ ಪಾಠವೇನು?

ಪ್ರಿಯ ವಾಚಕರೇ, ನಮ್ಮಲ್ಲಿ ಯಾರೂ ರಾಷ್ಟ್ರಗಳ ನಡುವೆ ನಿಲ್ಲುವದಕ್ಕೆ ಕರೆಯಲ್ಪಟ್ಟವರಲ್ಲ. ಆದರೆ ಎರಡು ಹೊಲಗಳ ನಡುವಿನ ಬದುವಿನ ಮೇಲೆ ನಿಲ್ಲುವದು ನಮಗೆ ಬರುತ್ತದೆ. ಅಣ್ಣತಮ್ಮಂದಿರು ಬದುವನ್ನು ಗೇಣಷ್ಟು ಒತ್ತಿದ್ದಕ್ಕಾಗಿ ವರ್ಷಗಟ್ಟಲೆ ಮಾತಾಡದೆ ಇರುತ್ತಾರೆ. ಕೆರೆಯ ನೀರಿನ ಸರದಿಗಾಗಿ ಗುದ್ದಲಿಯೆತ್ತುತ್ತಾರೆ. ಸಭೆಯ ಹಿರಿಯರ ಆಯ್ಕೆಯಲ್ಲಿ ಎರಡು ಪಂಗಡವಾಗಿ ಒಂದೇ ದೇವಾಲಯದಲ್ಲಿ ಬೇರೆಬೇರೆ ಬೆಂಚುಗಳನ್ನು ಹಿಡಿಯುತ್ತಾರೆ. ದೊಡ್ಡ ರಾಜ್ಯಗಳ ಯುದ್ಧವೂ ಇದೇ ಬೀಜದಿಂದ ಬೆಳೆದ ಮರವಲ್ಲದೆ ಬೇರೆಯಲ್ಲ.

ಇಂಥ ಸಮಯದಲ್ಲಿ ನಡುವೆ ಹೋಗುವವನು ಮೂರು ಸಂಗತಿಗಳನ್ನು ಈ ಚರಿತ್ರೆಯಿಂದ ಕಲಿಯಬಹುದು. ಮೊದಲನೆಯದು, ಪೀಕಿಂಗಿಗೆ ಹೋದವರಂತೆ, ತಪ್ಪು ಮಾಡಿದವನ ಮನೆಗೆ ಹೋಗುವಾಗಲೂ ಅವನ ಮಾನವನ್ನು ಉಳಿಸಿ ಮಾತಾಡಬೇಕು. ಎರಡನೆಯದು, ನಡುವೆ ನಿಂತವನು ಎರಡು ಕಡೆಯ ಬೈಗಳಿಗೂ ಸಿದ್ಧನಾಗಿರಬೇಕು. ಬಲಿಷ್ಠನ ಮುಖವನ್ನು ನೋಡಿ ಬಡವನ ಪಾಲನ್ನು ಬಿಟ್ಟುಕೊಡುವದು ಸಮಾಧಾನವಲ್ಲ. ಅದು ಅನ್ಯಾಯಕ್ಕೆ ಹೊದಿಸಿದ ಬಿಳಿ ಬಟ್ಟೆ. ಮೂರನೆಯದು, ಫಲವು ನಮ್ಮ ಕೈಯಲ್ಲಿಲ್ಲ. ಸುಯೆಜಿನಲ್ಲಿ ದುಡಿದ ಕೈಗಳೇ ಹಂಗೇರಿಯಲ್ಲಿ ಬರಿದಾದವು. ಕಾಂಗೋದಲ್ಲಿ ಕೆಲಸವು ಮುಗಿಯುವ ಮೊದಲೇ ಸೇವಕರು ಬಿದ್ದರು. ಕರ್ತನು ಸಮಾಧಾನಪಡಿಸುವವರನ್ನು ದೇವರ ಮಕ್ಕಳ ಸಾಲಿಗೆ ಸೇರಿಸಿದಾಗ ಅವರಿಗೆ ಜಯದ ವಾಗ್ದಾನವನ್ನು ಕೊಡಲಿಲ್ಲ. ತಂದೆಯ ಕೆಲಸವನ್ನು ಮಾಡುವವನೇ ಮಗನು. ಫಸಲು ಬಂದರೂ ಬಾರದಿದ್ದರೂ ಅವನು ಮಗನೇ.

ಹಗಲೆಲ್ಲಾ ಲೋಕದ ಜಗಳವನ್ನು ಹೊತ್ತವರು ರಾತ್ರಿ ಒಬ್ಬಂಟಿಗರಾಗಿ ದೇವರ ಮುಂದೆ ತಮ್ಮ ಲೆಕ್ಕವನ್ನು ಒಪ್ಪಿಸುತ್ತಿದ್ದರೆಂಬದನ್ನು ನಾವು ಮರೆಯದಿರೋಣ. ಮೊದಲು ಆ ಲೆಕ್ಕ, ಆ ಮೇಲೆ ನೆರೆಯವನ ಬಾಗಿಲು. ಬರುವ ಭಾನುವಾರದ ಆರಾಧನೆಗೆ ಮುಂಚೆ ನಮ್ಮ ಸಭೆಗಳಲ್ಲಿ ಒಂದು ಮನೆಯವರಾದರೂ ಬಹುಕಾಲದಿಂದ ಮಾತುಬಿಟ್ಟ ನೆರೆಮನೆಯವರ ಬಾಗಿಲಿಗೆ ಹೋಗುವ ಹಾಗೆ ಸಮಾಧಾನದ ದೇವರು ಕೃಪೆಮಾಡಲೆಂದು ನಾವು ಪ್ರಾರ್ಥಿಸುತ್ತೇವೆ.